ಒಳಮನೆಯ ಹೊಗೆ ಮತ್ತು ಹಿರಿಯರ ಆರೋಗ್ಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಚರಂಡಿ, ಬೀದಿದೀಪಗಳ ಕುರಿತ ಅಹವಾಲುಗಳು ಪ್ರತಿ ಗ್ರಾಮಸಭೆಯಲ್ಲಿಯೂ ಕೇಳಿಬರುತ್ತವೆ. ಮನೆಯೊಳಗಿನ ಗಾಳಿಯ ಬಗ್ಗೆ ಅರ್ಜಿ ಬರುವುದು ಅಪರೂಪ. ಆ ಗಾಳಿಯನ್ನು ಅತಿ ಹೆಚ್ಚು ಹೊತ್ತು ಉಸಿರಾಡುವವರು ಹೊಲಕ್ಕೂ ಹೋಗಲಾರದೆ, ಸಭೆಗೂ ಬರಲಾರದೆ ಮನೆಯಲ್ಲಿಯೇ ಉಳಿಯುವ ವೃದ್ಧರು.

ಸೌದೆ, ಬೆರಣಿ, ತೆಂಗಿನ ಗರಿ, ಹತ್ತಿಕಡ್ಡಿಗಳು ಅರೆಬರೆಯಾಗಿ ಉರಿದಾಗ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹೊರಬರುತ್ತವೆ. 2.5 ಮೈಕ್ರಾನ್ ಅಳತೆಯ ಕಣವು ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತನೆಯ ಒಂದು ಭಾಗ ಮಾತ್ರ. ಮೂಗಿನಲ್ಲಿ ತಡೆಯಲ್ಪಡದೆ ಅದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ವಯಸ್ಸಿನಿಂದ ದುರ್ಬಲಗೊಂಡ ಹೃದಯಕ್ಕೆ ಇದು ದೊಡ್ಡ ಹೊರೆ. ಹೃದ್ರೋಗ, ಪಾರ್ಶ್ವವಾಯು, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ರೋಗ, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಕಣ್ಣಿನ ಪೊರೆಗೆ ಮನೆಯೊಳಗಿನ ಹೊಗೆಯ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಗೃಹ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ 32 ಲಕ್ಷ ಜನರು ಮೃತಪಟ್ಟರು.

2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾದ ಬಳಿಕ ಬಡ ಕುಟುಂಬಗಳಿಗೂ ಅಡುಗೆ ಅನಿಲ ತಲುಪಿದೆ. ಆದರೆ ಸಂಪರ್ಕ ಬಂದ ಮಾತ್ರಕ್ಕೆ ಹೊಗೆ ನಿಂತಿತೆಂದು ಭಾವಿಸಲಾಗದು. ಸಿಲಿಂಡರಿನ ಖರ್ಚು ಉಳಿಸಲೆಂದು ಮುದ್ದೆಗೆ, ರೊಟ್ಟಿಗೆ, ಸ್ನಾನದ ಹಂಡೆಗೆ ಸೌದೆಯ ಒಲೆಯೇ ಉರಿಯುವ ಮನೆಗಳು ಇಂದಿಗೂ ಇವೆ. ಹೆಂಚಿನ ಸಂದುಗಳಿಂದ ಹೊರಹೋಗುತ್ತಿದ್ದ ಹೊಗೆಗೆ ಆರ್‌ಸಿಸಿ ಚಾವಣಿಯ ಮನೆಯಲ್ಲಿ ದಾರಿಯಿಲ್ಲ. ಕಿಟಕಿ ಮುಚ್ಚಿ ಹಚ್ಚಿಡುವ ಸೊಳ್ಳೆಬತ್ತಿಯೂ, ಚಳಿಗೆ ಕೋಣೆಯೊಳಗೆ ಇಡುವ ಕೆಂಡವೂ ಇದಕ್ಕೆ ಸೇರುತ್ತವೆ. ಮುಚ್ಚಿದ ಕೋಣೆಯ ಕೆಂಡವಂತೂ ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲದು.

ಆದುದರಿಂದ ಲೆಕ್ಕ ಹಾಕಬೇಕಾದುದು ಸಿಲಿಂಡರನ್ನಲ್ಲ, ಹೊಗೆಯನ್ನು. ಮನೆ ಮನೆ ಭೇಟಿಯ ಸಂದರ್ಭದಲ್ಲಿ ಸದಸ್ಯರು ಮೂರು ಪ್ರಶ್ನೆ ಕೇಳಬಹುದು: ಸೌದೆಯ ಒಲೆ ಎಲ್ಲಿ ಉರಿಯುತ್ತದೆ? ಹೊಗೆ ಎಲ್ಲಿಂದ ಹೊರಹೋಗುತ್ತದೆ? ಹಿರಿಯರು ಎಲ್ಲಿ ಮಲಗುತ್ತಾರೆ?

ಉತ್ತರಗಳಿಗೆ ತಕ್ಕ ಪರಿಹಾರಗಳು ದುಬಾರಿಯಲ್ಲ. ಹಂಡೆಯ ಒಲೆಯನ್ನು ಹಿತ್ತಿಲಿಗೆ ಸಾಗಿಸುವುದು, ಹಸಿ ಸೌದೆಯ ಬದಲು ಒಣಗಿದ್ದನ್ನು ಬಳಸುವುದು, ಎದುರುಬದುರು ಕಿಟಕಿ ತೆರೆದಿಡುವುದು, ಹಿರಿಯರ ಹಾಸಿಗೆಯನ್ನು ಒಲೆಯಿಂದ ದೂರವಿಡುವುದು ಇಂದೇ ಸಾಧ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅದರ ಚಿಮಣಿಯ ಮಸಿಯನ್ನು ಆಗಾಗ್ಗೆ ತೆಗೆಯದಿದ್ದರೆ ಮಾತ್ರ ಹೊಗೆ ಒಳಕ್ಕೇ ಹಿಂದಿರುಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾದ ಕನಿಷ್ಠ 25 ಚದರ ಮೀಟರ್‌ನಲ್ಲಿ ಶುಚಿಯಾದ ಅಡುಗೆಯ ಸ್ಥಳವೂ ಸೇರಿದೆ. ಹೊಗೆಯ ದಾರಿಯನ್ನು ಪಾಯ ತೆಗೆಯುವ ಮೊದಲೇ ಫಲಾನುಭವಿಗೆ ತಿಳಿಸಿದರೆ ಮುಂದೆ ಗೋಡೆ ಒಡೆಯುವ ಪ್ರಮೇಯ ಬಾರದು.

‘ವಯಸ್ಸಾದ ಮೇಲೆ ಕೆಮ್ಮು ಇದ್ದದ್ದೇ’ ಎಂಬ ಮಾತು ಅನೇಕರ ಚಿಕಿತ್ಸೆಯನ್ನು ತಡಮಾಡಿದೆ. ಕೆಮ್ಮು ಎರಡು ವಾರ ಮೀರಿದರೆ, ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಕ್ಷಯದ ಪರೀಕ್ಷೆಯೂ ಆಗಬೇಕು.

ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಡಬೇಕೆಂದು ಸದಸ್ಯರಲ್ಲಿ ವಿನಂತಿ. ಅರ್ಜಿ ಬರೆಯಲಾರದ ಹಿರಿಯರ ಪರವಾಗಿ ಆ ಸಾಲನ್ನು ಬರೆಯಬಲ್ಲವರು ಅವರ ವಾರ್ಡಿನ ಪ್ರತಿನಿಧಿಗಳೇ.