ಯಾರ ವೇಗ ಹೆಚ್ಚಬೇಕು, ಯಾರದು ತಗ್ಗಬೇಕು?

(ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಊರುಗಳ ರಸ್ತೆಗೆ ಡಾಂಬರು ಬಂದಾಗ ನಾವೆಲ್ಲರೂ ಸಂತೋಷಪಟ್ಟೆವು. ಆಸ್ಪತ್ರೆ ಹತ್ತಿರವಾಯಿತು, ಅಡಿಕೆ ಮಂಡಿ ಹತ್ತಿರವಾಯಿತು. ಆದರೆ ರಸ್ತೆ ನುಣುಪಾದಂತೆ ಅದರ ಮೇಲಿನ ವೇಗವೂ ಏರಿತು. ಮಕ್ಕಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸಲು ಇಂದು ತಾಯಂದಿರು ಅಂಜುತ್ತಾರೆ. ಕಳೆದ ಮಳೆಗಾಲದಲ್ಲಿ ತಿರುವೊಂದರಲ್ಲಿ ನುಗ್ಗಿಬಂದ ಜೀಪಿಗೆ ದಾರಿ ಬಿಡಲು ನಾನೇ ಸೈಕಲ್ ಸಮೇತ ಚರಂಡಿಗೆ ಇಳಿಯಬೇಕಾಯಿತು. ಗಾಯವೇನೂ ಆಗಲಿಲ್ಲ. ಆದರೆ ಪ್ರಶ್ನೆಯೊಂದು ಉಳಿಯಿತು: ಆ ವೇಗದಿಂದ ಆತ ಉಳಿಸಿದ್ದಾದರೂ ಎಷ್ಟು?

ಲೆಕ್ಕ ಹಾಕೋಣ. ಹಳ್ಳಿಯಿಂದ ಪೇಟೆಗೆ 6 ಕಿ.ಮೀ. ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ವಾಹನಕ್ಕೆ ಬೇಕಾಗುವುದು 9 ನಿಮಿಷ, 60 ಕಿ.ಮೀ. ವೇಗದಲ್ಲಿ 6 ನಿಮಿಷ. ಉಳಿದದ್ದು ಕೇವಲ 3 ನಿಮಿಷ. ಅದೇ ದಾರಿಯಲ್ಲಿ ಸೈಕಲ್ ಸವಾರನ ಸರಾಸರಿ ವೇಗ 12ರಿಂದ 18 ಕಿ.ಮೀ.ಗೆ ಏರಿದರೆ 30 ನಿಮಿಷದ ಪಯಣ 20 ನಿಮಿಷಕ್ಕೆ ಇಳಿಯುತ್ತದೆ. ಉಳಿದದ್ದು 10 ನಿಮಿಷ! ವೇಗದ ಲಾಭ ಹೆಚ್ಚು ದಕ್ಕುವುದು ನಿಧಾನವಾಗಿ ಸಾಗುವವನಿಗೆ.

ಇನ್ನು ಈ ವೇಗದ ಬೆಲೆಯನ್ನು ನೋಡಿ. ವಿಜ್ಞಾನದ ವಿದ್ಯಾರ್ಥಿಗಳು ಬಲ್ಲಂತೆ ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಒಂದು ಟನ್ ತೂಕದ ಕಾರು 60 ಕಿ.ಮೀ. ವೇಗದಲ್ಲಿ ಹೊತ್ತು ತರುವ ಶಕ್ತಿ, 18 ಕಿ.ಮೀ. ವೇಗದ ಸೈಕಲ್ ಮತ್ತು ಸವಾರರ ಶಕ್ತಿಯ ಸುಮಾರು 140 ಪಟ್ಟು. ಅಪಾಯ ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಸಾಕು. 60ರಲ್ಲಿ ಸುಮಾರು 37 ಮೀಟರ್ ಬೇಕು. ನಮ್ಮ ಎಷ್ಟೋ ತಿರುವುಗಳಲ್ಲಿ ಅಷ್ಟು ದೂರ ಕಣ್ಣಿಗೇ ಕಾಣದು. ಮಳೆಯಲ್ಲಂತೂ ಹೇಳುವುದೇ ಬೇಡ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಂಭವ ಶೇ. 4ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮಿತಿಯನ್ನು ದಾಟಿದ ವೇಗವು ಇತರರ ಕಾಲವನ್ನು ಕಸಿಯುತ್ತದೆಂದು ಚಿಂತಕ ಇವಾನ್ ಇಲಿಚ್ 1974ರ 'ಎನರ್ಜಿ ಅಂಡ್ ಈಕ್ವಿಟಿ' ಕೃತಿಯಲ್ಲಿ ವಾದಿಸಿದ್ದರು. ನಮ್ಮಲ್ಲಿ ಅದು ಮಕ್ಕಳ ದಾರಿಯನ್ನೇ ಕಸಿದಿದೆ.

ಹಾಗಾದರೆ ನಿತ್ಯದ ಬಳಕೆಗೆ ವೇಗದ ಸೈಕಲ್ ಆರಿಸುವುದು ಹೇಗೆ? ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿದಾಗ ಎಷ್ಟೋ ಮನೆಗಳಿಗೆ ಮೊದಲ ವಾಹನ ಬಂದಿತು. ಆದರೆ ಒಂದೇ ಗೇರಿನ ಸೈಕಲ್ಲನ್ನು ಮಲೆನಾಡಿನ ಏರಿನಲ್ಲಿ ತಳ್ಳುವುದೇ ಹೆಚ್ಚು. ಆದ್ದರಿಂದ ನಮಗೆ ಮೊದಲು ಬೇಕಾದದ್ದು ಗೇರು. ಹಗುರತೆಗಾಗಿ ಹಣ ಸುರಿಯಬೇಡಿ: 60 ಕಿಲೋ ಸವಾರನ 20 ಕಿಲೋ ಸೈಕಲ್ 14 ಕಿಲೋಗೆ ಇಳಿದರೂ ಏರಿಸಬೇಕಾದ ಒಟ್ಟು ಭಾರ ಹತ್ತನೆಯ ಒಂದಂಶವೂ ತಗ್ಗದು. ಸ್ಪ್ರಿಂಗ್ ಅಳವಡಿಸಿದ ಅಗ್ಗದ ಸೈಕಲ್ಲುಗಳಿಗೂ ಮರುಳಾಗಬೇಡಿ; ಅವು ತುಳಿತದ ಒಂದು ಪಾಲನ್ನು ತಾವೇ ನುಂಗುತ್ತವೆ. ದಪ್ಪ ಗುಬಟುಗಳ ಟೈರಿಗಿಂತ ಮಧ್ಯಮ ಅಗಲದ, ನಯವಾದ ಟೈರು ಡಾಂಬರಿನಲ್ಲಿ ಹಗುರವಾಗಿ ಓಡುತ್ತದೆ. ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ಸರಿಯಾಗಿ ಹಿಡಿಯದು. ಅಲ್ಯೂಮಿನಿಯಂ ರಿಮ್ ಅಥವಾ ಡಿಸ್ಕ್ ಬ್ರೇಕ್ ಉತ್ತಮ. ಮಡ್‌ಗಾರ್ಡ್, ದೀಪ, ಹಿಂದೆ ಕೆಂಪು ಪ್ರತಿಫಲಕ ಇರಲೇಬೇಕು.

ಹೊಸದನ್ನು ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದು ಕೆಳಗಿಳಿದಾಗ ಕಾಲು ನೇರವಾಗುವಷ್ಟು ಸೀಟನ್ನು ಎತ್ತರಿಸಿ. ಟೈರಿಗೆ ತಕ್ಕಷ್ಟು ಗಾಳಿ ತುಂಬಿಸಿ. ಚೈನಿಗೆ ಎಣ್ಣೆ ಹಾಕಿ. ಹಿಂಬದಿಯ 18 ಹಲ್ಲಿನ ಚಕ್ರದ ಬದಲು 20 ಅಥವಾ 22 ಹಲ್ಲಿನದನ್ನು ಹಾಕಿಸಿದರೆ ಸಣ್ಣ ಏರುಗಳನ್ನು ಇಳಿಯದೆಯೇ ದಾಟಬಹುದು.

ಆದರೆ ಸೈಕಲ್ ಎಷ್ಟೇ ಉತ್ತಮವಾಗಿರಲಿ, ಧಾವಿಸಿ ಬರುವ ಜೀಪನ್ನು ಅದು ತಡೆಯಲಾರದು. ರಸ್ತೆಯ ವೇಗವನ್ನು ತಗ್ಗಿಸುವುದು ಸಮುದಾಯದ ಕೆಲಸ. ರಸ್ತೆಯ ಸ್ವರೂಪ ಮತ್ತು ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ವೇಗಮಿತಿಯನ್ನು ಗೊತ್ತುಪಡಿಸಿ ಫಲಕ ಹಾಕಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಂ ರಾಜ್ಯ ಸರ್ಕಾರಕ್ಕೂ ಅದು ನಿಯೋಜಿಸಿದ ಪ್ರಾಧಿಕಾರಕ್ಕೂ ನೀಡಿದೆ. ವೇಲ್ಸ್ ದೇಶ 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ಬಹುತೇಕ ರಸ್ತೆಗಳ ಮಿತಿಯನ್ನು ಗಂಟೆಗೆ 20 ಮೈಲಿಗೆ, ಅಂದರೆ ಸುಮಾರು 32 ಕಿ.ಮೀ.ಗೆ ಇಳಿಸಿತು. ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಬಂಡೀಪುರದ ಹೆದ್ದಾರಿಯಲ್ಲೇ ವನ್ಯಜೀವಿಗಳ ಉಳಿವಿಗಾಗಿ ರಾತ್ರಿ 9ರಿಂದ ಬೆಳಗಿನ 6ರವರೆಗೆ, ಕೆಲವು ಬಸ್ಸು ಹಾಗೂ ತುರ್ತು ವಾಹನಗಳ ಹೊರತು, ಸಂಚಾರ ನಿರ್ಬಂಧ 2009ರಲ್ಲಿ ಜಾರಿಗೆ ಬಂದಿತು. ಆನೆ, ಜಿಂಕೆಗಳಿಗಾಗಿ ರಸ್ತೆಯನ್ನೇ ಮುಚ್ಚಬಹುದಾದರೆ, ಮಕ್ಕಳಿಗಾಗಿ ಅದನ್ನು ನಿಧಾನಗೊಳಿಸಲಾಗದೆ?

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ. ಶಾಲೆಯ ಮುಂದೆ, ಕುರುಡು ತಿರುವುಗಳಲ್ಲಿ 30 ಕಿ.ಮೀ. ಮಿತಿ ಬೇಕೆಂದು ನಿರ್ಣಯ ಮಾಡಿ ಜಿಲ್ಲಾಡಳಿತಕ್ಕೆ ಕಳಿಸಿ. ಹಾಗೆಯೇ, ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲನ್ನು ಹೊರತೆಗೆಯಿರಿ. ಜೀಪಿನವರು ಮೂರು ನಿಮಿಷ ಬಿಟ್ಟುಕೊಡಲಿ. ಮಕ್ಕಳಿಗೆ ದಾರಿ ಮರಳಿ ಸಿಗಲಿ.