ದುರ್ಯೋಧನನ ಪಾತ್ರ: ಗೈಡಿನಲ್ಲಿ, ರನ್ನನಲ್ಲಿ, ರಂಗದಲ್ಲಿ



‘ದುರ್ಯೋಧನನ ಪಾತ್ರವನ್ನು ವಿಮರ್ಶಿಸಿ’ ಎಂಬ ಪ್ರಶ್ನೆಗೆ ಕನ್ನಡ ತರಗತಿಗಳಲ್ಲಿ ಬಹಳ ವಯಸ್ಸಾಗಿದೆ. ಅದಕ್ಕೆ ಬರುವ ಉತ್ತರಕ್ಕೂ ಅಷ್ಟೇ ವಯಸ್ಸು. ಛಲ, ಅಭಿಮಾನ, ಅಸೂಯೆ, ಮಿತ್ರಪ್ರೇಮ ಎಂದು ನಾಲ್ಕು ಉಪಶೀರ್ಷಿಕೆಗಳು. ಒಂದೊಂದರ ಕೆಳಗೆ ಎರಡು ಮೂರು ವಾಕ್ಯಗಳು. ಕೊನೆಗೆ ಅವನು ದುರಂತನಾಯಕ ಎಂಬ ಮೊಹರು. ಗೈಡು ಹೇಳಿಕೊಡುವುದು ಇಷ್ಟನ್ನೇ. ಅಂಕಗಳೂ ಬರುತ್ತವೆ. ಕಾವ್ಯದ ಒಂದು ಪದ್ಯವನ್ನೂ ಓದದೆ ಇದನ್ನೆಲ್ಲ ಬರೆದುಬಿಡಬಹುದು ಎಂಬುದೇ ಇಲ್ಲಿರುವ ತೊಡಕು. ಈ ನಾಲ್ಕು ಗುಣಗಳನ್ನು ಹೊತ್ತ ಮನುಷ್ಯರು ಪ್ರತಿಯೊಂದು ಹಳ್ಳಿಯಲ್ಲೂ ಸಿಗುತ್ತಾರೆ. ಅವರೆಲ್ಲ ದುರ್ಯೋಧನರಲ್ಲ.

ತುಮಕೂರು ಸೀಮೆಯಲ್ಲಿ ಈ ಪ್ರಶ್ನೆಯನ್ನು ಎತ್ತಲು ವಿಶೇಷ ಕಾರಣವಿದೆ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು ನಾಡಿಗೆಲ್ಲ ‘ಗುಬ್ಬಿ ಕಂಪೆನಿ’ ಎಂದು ಹೆಸರಾದದ್ದು ಅದೇ. ಅದೇ ವರ್ಷದ ಜನವರಿಯಲ್ಲಿ, ಗುಬ್ಬಿ ಮತ್ತು ಕುಣಿಗಲ್ ಎರಡಕ್ಕೂ ನೆರೆಯಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದರು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಈ ಅಧ್ಯಾಪಕರು ದುರ್ಯೋಧನನನ್ನು ತರಗತಿಯ ಚರ್ಚೆಗೆ ತಂದರು. ಕಂಪೆನಿ ಅವನನ್ನು ಡೇರೆಯ ಬೆಳಕಿಗೆ ತಂದಿತು. ಇಬ್ಬರೂ ತಂದದ್ದು ಒಬ್ಬನನ್ನೇ ಎಂದು ಹೇಳುವುದು ಕಷ್ಟ.

ಮೊದಲು ರನ್ನನ ಬಳಿಗೆ ಹೋಗಬೇಕು. ಹತ್ತನೆಯ ಶತಮಾನದ ಕೊನೆಭಾಗದ ಈ ಕವಿ ಮುಧೋಳದವನು, ಬಳೆಗಾರರ ಮನೆತನದವನು. ಅವನ ‘ಗದಾಯುದ್ಧ’ದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವಿದು. ಅಂದರೆ ನಾಯಕ ಯಾರೆಂಬುದು ಬರೆಯುವ ಮೊದಲೇ ತೀರ್ಮಾನವಾಗಿತ್ತು. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಸೋತವನು. ಇದು ಹೇಗಾಯಿತು?

ಉತ್ತರವಿರುವುದು ದುರ್ಯೋಧನ ರಣರಂಗದಲ್ಲಿ ನಡೆದು ಹೋಗುವ ಭಾಗದಲ್ಲಿ. ಹದಿನೆಂಟನೆಯ ದಿನ, ಸೈನ್ಯ ಮುಗಿದಿದೆ, ಜೊತೆಗೆ ಸಂಜಯ ಒಬ್ಬನೇ. ಹೆಣಗಳ ನಡುವೆ ಹಾದಿ ಮಾಡಿಕೊಂಡು ಹೋಗುವಾಗ ದ್ರೋಣನ ದೇಹ ಕಾಣುತ್ತದೆ. ಅಭಿಮನ್ಯು ಕಾಣುತ್ತಾನೆ. ಶತ್ರುವಿನ ಮಗನನ್ನು ದುರ್ಯೋಧನ ಹೊಗಳುತ್ತಾನೆ, ಅವನ ಸಾಹಸದ ಒಂದಂಶವಾದರೂ ತನ್ನ ಸಾವಿಗೆ ದಕ್ಕಲಿ ಎಂದು ಬಯಸುತ್ತಾನೆ. ಬಳಿಕ ತನ್ನದೇ ಮಗ ಲಕ್ಷಣ. ತಂದೆಗೆ ಮಗ ತರ್ಪಣ ಕೊಡುವುದು ಲೋಕದ ಕ್ರಮ. ನೀನು ಕ್ರಮ ತಪ್ಪಿಸಿದೆಯಲ್ಲ ಎಂದು ಆ ಹುಡುಗನ ಮೇಲೆ ದೂರು ಹೇಳುವಂತೆ ಮಾತಾಡುತ್ತಾನೆ. ಆಮೇಲೆ ದುಶ್ಶಾಸನ. ಆಮೇಲೆ ಕರ್ಣ. ಕರ್ಣ ಕುಂತಿಯ ಮಗನೆಂಬುದು ತನಗೆ ಗೊತ್ತಿತ್ತು ಎಂದು ಅಲ್ಲಿ ಅವನ ಬಾಯಿಂದಲೇ ಹೊರಬೀಳುತ್ತದೆ. ಈ ಒಂದು ಮಾತು ಅವರ ಗೆಳೆತನದ ಲೆಕ್ಕವನ್ನೇ ತಿರುವಿಹಾಕುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಅವನು ಯಾರೊಡನೆ ಮಾತಾಡುತ್ತಿದ್ದಾನೆ ಎಂಬುದನ್ನು. ಸಭೆಯಲ್ಲಿ ಕೃಷ್ಣನೆದುರು ಆಡಿದ ಮಾತಿನಲ್ಲಿ ಲೆಕ್ಕಾಚಾರ ಇರಬಹುದು, ಪಾಂಡವರೆದುರು ಬಡಾಯಿ ಇರಬಹುದು. ಸತ್ತವರೆದುರು ಎರಡರಿಂದಲೂ ಲಾಭವಿಲ್ಲ. ಪಾತ್ರವೊಂದರ ಗುಣ ಚೀಲದಲ್ಲಿಟ್ಟ ಕಾಳಿನಂತೆ ಅದರೊಳಗೆ ತುಂಬಿಕೊಂಡಿರುವುದಿಲ್ಲ. ಯಾರೆದುರು, ಏನನ್ನು ಕಳೆದುಕೊಂಡ ಬಳಿಕ, ಯಾವ ಮಾತು ಎಂಬುದರಿಂದ ಅದು ಹುಟ್ಟುತ್ತದೆ. ಶರಶಯ್ಯೆಯ ಭೀಷ್ಮ ಸಂಧಿಯ ಮಾತು ಎತ್ತಿದಾಗ ದುರ್ಯೋಧನ ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ಭೂಮಿ ಅವನಿಗೆ ಪಾಳು. ಗೈಡಿನ ಮೊದಲ ಉಪಶೀರ್ಷಿಕೆಯಾದ ಛಲ ಎಂಬ ಶಬ್ದ ಇದೇ. ಇಷ್ಟು ಹೆಣಗಳನ್ನು ದಾಟಿ ಬಂದವನ ಬಾಯಲ್ಲಿ ಅದಕ್ಕೆ ಬೇರೆಯೇ ತೂಕ. ಐದು ಗ್ರಾಮದ ವಿಷಯದಲ್ಲಿ ಹಟ ಹಿಡಿದಾಗಿನ ಛಲವೂ ಇದೂ ಒಂದೇ ಅಲ್ಲ. ಒಂದೇ ಎಂದು ಬರೆದ ವಿದ್ಯಾರ್ಥಿ ತಪ್ಪು ಮಾಡಲಿಲ್ಲ, ಕಾವ್ಯವನ್ನು ಕಳೆದುಕೊಂಡ.

ಬಿ.ಎಂ.ಶ್ರೀ. 1926ರಲ್ಲಿ ‘ಗದಾಯುದ್ಧ ನಾಟಕಂ’ ಹೊರತಂದರು. ಬಹುಮಟ್ಟಿಗೆ ರನ್ನನ ಮಾತುಗಳನ್ನೇ ಆಯ್ದು ರಂಗಕ್ಕೆ ಹೊಂದಿಸಿ, ದುರ್ಯೋಧನನ ಕೊನೆಯನ್ನು ಗ್ರೀಕ್ ದುರಂತ ನಾಟಕಗಳ ಕಣ್ಣಿನಿಂದ ನೋಡಿದರು. ಸೊಫೋಕ್ಲಿಸನ ‘ಅಜಾಕ್ಸ್’ ಅವರ ಕೈಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. ಆ ಕಾಲಕ್ಕೆ ಇದು ದೊಡ್ಡ ಧೈರ್ಯ. ತರಗತಿಗೆ ದುರಂತನಾಯಕ ಎಂಬ ಪರಿಭಾಷೆ ಗಟ್ಟಿಯಾಗಿ ನೆಲೆನಿಂತದ್ದು ಇಂಥ ಕೆಲಸಗಳಿಂದ. ಅವರು ಓದಿ ತಲುಪಿದ ನಿರ್ಣಯ ನಂತರದವರಿಗೆ ಓದದೆ ಬರೆಯುವ ಉತ್ತರವಾಯಿತು ಎಂಬುದಕ್ಕೆ ಅವರು ಹೊಣೆಯಲ್ಲ.

ಇನ್ನು ರಂಗ. ಗುಬ್ಬಿ ಕಂಪೆನಿ 1934ರಲ್ಲಿ ‘ಕುರುಕ್ಷೇತ್ರ’ವನ್ನು ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿತು. ಆ ವೈಭವ ಹೋಯಿತು, ಹುಚ್ಚು ಹೋಗಲಿಲ್ಲ. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಕರಪತ್ರ ಈಗಲೂ ಕಾಣುತ್ತದೆ; ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಪೌರಾಣಿಕ ನಾಟಕ ನಡೆಯುತ್ತದೆ. ಪಾತ್ರ ಬೇಕಾದವರು ಹಣ ಕೊಡಬೇಕು. ಕೃಷ್ಣ ಮತ್ತು ದುರ್ಯೋಧನನ ಪಾತ್ರಗಳಿಗೆ ಹೆಚ್ಚು ಹಣ, ಧರ್ಮರಾಯನಿಗೆ ಅಷ್ಟಿಲ್ಲ. ವಿಮರ್ಶಕರು ಇದನ್ನು ಲಘುವಾಗಿ ಕಾಣಬಾರದು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯ ಕಲಿಯುವ ರೈತನಿಗೆ, ಪಟ್ಟಿ ಮಾಡಿದ ಗುಣಗಳಿಂದ ಏನೂ ಉಪಯೋಗವಿಲ್ಲ. ಅಸೂಯೆ ಎಂಬುದನ್ನು ಹೇಗೆ ನಿಂತು, ಯಾವ ರಾಗದಲ್ಲಿ ಹಾಡುವುದು? ಕರ್ಣ ಬಂದಾಗ ಎದ್ದು ನಿಲ್ಲಬೇಕೇ, ಕುಳಿತೇ ಇರಬೇಕೇ? ಅವನು ಎದುರಿಸುವ ಪ್ರಶ್ನೆಗಳು ಇವು; ನಿಜವಾದ ಪಾತ್ರವಿಮರ್ಶೆಯೂ ಇಲ್ಲಿಂದಲೇ ಶುರುವಾಗುತ್ತದೆ.

ಹಾಗೆಂದು ಹಳ್ಳಿಯ ರಂಗವನ್ನು ಸುಮ್ಮನೆ ಕೊಂಡಾಡಬೇಕಾಗಿಲ್ಲ. ಎಷ್ಟೋ ರಾತ್ರಿ ಅಲ್ಲಿ ದುರ್ಯೋಧನನೆಂದರೆ ಮೈಕು ನಡುಗಿಸುವ ಅಬ್ಬರ, ಮೀಸೆ, ‘ಒನ್ಸ್ ಮೋರ್’ ಅಷ್ಟೇ. ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಗರ್ಜನೆಗೆ ನೀರಿನೊಳಗೂ ಬೆವರಿದ ಎಂಬ ರನ್ನನ ಕಲ್ಪನೆಗೆ ಆ ಅಬ್ಬರದಲ್ಲಿ ಜಾಗ ಸಿಗುವುದಿಲ್ಲ. ಅದು ಭಯವೋ, ಕೋಪವೋ, ಎರಡೂ ಸೇರಿದ್ದೋ? ತರಗತಿಯಲ್ಲಿ ಒಂದು ಗಂಟೆ ಚರ್ಚಿಸಬಹುದಾದ ವಿಷಯ.

ದುರ್ಯೋಧನನ ಮೇಲೆ ಮರುಕ ಹುಟ್ಟಿಸುವುದು ಈಗ ಸುಲಭವಾಗಿಬಿಟ್ಟಿದೆ. ಆ ಮರುಕದಲ್ಲಿ ದ್ರೌಪದಿ ಮರೆತುಹೋಗುತ್ತಾಳೆ. ರನ್ನ ಮರೆತಿಲ್ಲ. ಕಾವ್ಯದ ಆರಂಭದ ಭಾಗದಲ್ಲೇ ಅವಳ ಬಿಚ್ಚಿದ ಮುಡಿಯನ್ನು ಓದುಗರೆದುರು ಇಟ್ಟಿದ್ದಾನೆ. ರಣಭೂಮಿಯ ಅಷ್ಟೂ ದುಃಖವನ್ನು ಓದುವುದು ಅದನ್ನು ಕಂಡ ಬಳಿಕ. ಹೆಣಗಳ ನಡುವೆ ಅಳುವವನು, ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣಿನ ಅಳುವನ್ನು ನೋಡುತ್ತ ಕುಳಿತಿದ್ದವನು. ಗೈಡಿನ ಉತ್ತರದಲ್ಲಿ ಇವೆರಡೂ ಬೇರೆ ಬೇರೆ ಉಪಶೀರ್ಷಿಕೆಗಳ ಕೆಳಗೆ ಬಂದು ಒಂದನ್ನೊಂದು ಮುಟ್ಟುವುದೇ ಇಲ್ಲ.

ಇಲ್ಲಿರುವ ಅಧ್ಯಾಪಕರು ಹಳೆಯ ಪ್ರಶ್ನೆಯನ್ನು ಒಂದು ವರ್ಷ ಬದಿಗಿಟ್ಟು ಬೇರೊಂದನ್ನು ಕೊಟ್ಟು ನೋಡಬಹುದು: ಅಭಿಮನ್ಯುವಿನ ದೇಹದೆದುರು ದುರ್ಯೋಧನ ಆಡಿದ ಮಾತನ್ನು ದ್ರೌಪದಿ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದಳು? ಅದಕ್ಕೆ ಉತ್ತರ ಯಾವ ಗೈಡಿನಲ್ಲೂ ಅಚ್ಚಾಗಿಲ್ಲ.