ಗರ್ಭದವರೆಗೆ ಹರಿಯುವ ನೀರು



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಾಗಲಿ, ಮಲೆನಾಡಿನಲ್ಲಾಗಲಿ ಮಗುವೊಂದು ಅಂಗವೈಕಲ್ಯದೊಡನೆ ಜನಿಸಿದರೆ ದೂರು ಮೊದಲು ಬೀಳುವುದು ತಾಯಿಯ ಮೇಲೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೇ, ತಿನ್ನಬಾರದ್ದನ್ನು ತಿಂದಳೇ ಎಂಬ ವಿಚಾರಣೆ ನಡೆಯುತ್ತದೆ. ಅವಳು ಕುಡಿದ ನೀರು ಎಂಥದು, ಉಸಿರಾಡಿದ ಗಾಳಿ ಎಂಥದು ಎಂದು ಕೇಳುವವರು ವಿರಳ.

ಹೊರಗಿನ ವಿಷ ಮಾಸನ್ನು ದಾಟಿ ಶಿಶುವನ್ನು ತಲುಪಲಾರದೆಂದು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. 1957ರಿಂದ 1961ರವರೆಗೆ ಮಾರಾಟವಾದ ಥಾಲಿಡೋಮೈಡ್ ಮಾತ್ರೆ ಆ ನಂಬಿಕೆಯನ್ನು ಕೆಡವಿತು. ವಾಕರಿಕೆಗೆಂದು ಬಸುರಿಯರು ನುಂಗಿದ ಆ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದವು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಬಸುರಿಯರನ್ನು ಸೇರಿತು. ಎಷ್ಟೋ ತಾಯಂದಿರು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದರು. ಮಕ್ಕಳ ಮಿದುಳು ಮಾತ್ರ ಹುಟ್ಟುವ ಮೊದಲೇ ಹಾಳಾಗಿತ್ತು.

ಇವು ದೂರದೇಶದ ಕಥೆಗಳಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದ ವಿಷ ಸುರಂಗ, ತೋಡುಗಳಲ್ಲಿ ಇಳಿದು ಎಣ್ಮಕಜೆ, ಪಡ್ರೆಗಳ ಮನೆಯಂಗಳಕ್ಕೆ ಬಂತು. ಊನಗೊಂಡು ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಮೊದಲೇ ಬರೆದಿದ್ದರು. ದನದ ಭಾಷೆ ಅಧಿಕಾರಿಗಳಿಗೆ ತಿಳಿಯಲಿಲ್ಲವೆನ್ನಬೇಕು! ಆ ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡುದನ್ನು ವರ್ಷಗಟ್ಟಲೆ ಹೇಳುತ್ತ ಬಂದರು. ಸಿಂಪಡಣೆ ನಿಂತದ್ದು 2000ದ ಕೊನೆಗೆ. ದೇಶದಾದ್ಯಂತ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ 13ರಂದು. ಒಂದೊಂದು ಮಗುವಿನ ಊನಕ್ಕೂ ಇದೇ ಕಾರಣವೆಂದು ಸಾಧಿಸುವುದು ಕಷ್ಟ. ವಿಜ್ಞಾನಿಗಳ ನಡುವೆ ವಾದವೂ ನಡೆದಿದೆ. ಆದರೆ ಸಾಧಿಸುವ ಹೊಣೆಯನ್ನು ವಿಷವುಂಡವರ ತಲೆಗೇ ಕಟ್ಟಿದ್ದು ಯಾವ ನ್ಯಾಯ?

ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಶತ್ರು ಮೇಲಿನಿಂದ ಸುರಿಯುವುದಿಲ್ಲ, ನೆಲದೊಳಗಿಂದ ಮೇಲೇಳುತ್ತದೆ. ಮಳೆ ಅತಿ ಕಡಿಮೆ, ಕೆರೆಗಳು ಬತ್ತಿವೆ, ವೇದಾವತಿ ಬಹುಪಾಲು ಮರಳು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಸಿಗುತ್ತದೆ. ಅದರಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ತಕ್ಕುದಲ್ಲ. ಕಂದುಗಟ್ಟಿದ ಹಲ್ಲು, ಬಾಗಿದ ಮೊಣಕಾಲು ಅದರ ಗುರುತುಗಳು.

ಇಲ್ಲೊಂದು ಎಚ್ಚರ ಅಗತ್ಯ. ಫ್ಲೋರೋಸಿಸ್ ಹುಟ್ಟಿನಿಂದ ಬರುವ ಊನವಲ್ಲ, ಬೆಳೆಯುತ್ತ ಬರುವ ರೋಗ. ಎಲ್ಲ ವೈಕಲ್ಯವನ್ನೂ ಫ್ಲೋರೈಡಿನ ಮೇಲೆ ಹೊರಿಸಿದರೆ ನಿಜವಾದ ಕಾರಣಗಳು ತಪ್ಪಿಸಿಕೊಳ್ಳುತ್ತವೆ. ಹಾಗೆಂದು ಗರ್ಭಿಣಿಗೆ ಅದು ನಿರಪಾಯವೂ ಅಲ್ಲ. ಫ್ಲೋರೈಡ್ ಮಾಸನ್ನು ದಾಟುತ್ತದೆ. ನೀರು, ಆಹಾರಗಳಿಂದ ಅದನ್ನು ದೂರವಿಟ್ಟು ಪೌಷ್ಟಿಕ ಆಹಾರ ಕೊಟ್ಟಾಗ ಬಸುರಿಯರ ರಕ್ತಹೀನತೆ ಇಳಿದು ಶಿಶುಗಳ ತೂಕ ಹೆಚ್ಚಿದುದನ್ನು ಡಾ. ಎ.ಕೆ. ಸುಶೀಲಾ ಅವರ ತಂಡ 2010ರಲ್ಲಿ ಪ್ರಕಟಿಸಿತು.

ಬೆನ್ನುಹುರಿಯ ಊನದ ವಿಷಯ ಬೇರೆ. ಮಿದುಳು, ಬೆನ್ನುಹುರಿಗಳಾಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಲೋ, ಔಷಧಿ ಹೊಡೆಯಲು ನೀರು ಹೊರುತ್ತಲೋ ಇರುತ್ತಾರೆ. ಫೋಲಿಕ್ ಆಮ್ಲವನ್ನು ಗರ್ಭಕ್ಕೆ ಮುಂಚಿನಿಂದಲೇ ತೆಗೆದುಕೊಂಡರೆ ಈ ಊನ ಬಹುಮಟ್ಟಿಗೆ ತಪ್ಪುತ್ತದೆಂದು 1991ರಲ್ಲೇ ಸಿದ್ಧವಾಗಿದೆ. ಮೂರನೆಯ ತಿಂಗಳಲ್ಲಿ ಹೆಸರು ಬರೆಸಿಕೊಂಡವಳಿಗೆ ಕೊಡುವ ಮಾತ್ರೆ ರಕ್ತಕ್ಕೆ ಒಳ್ಳೆಯದು. ಆ ನಾಳಕ್ಕೆ ತಡವಾಗಿರುತ್ತದೆ.

ಆದ್ದರಿಂದ ಬಸುರಿಯೊಬ್ಬಳ ಎಚ್ಚರ ಸಾಲದು, ಊರಿನ ಎಚ್ಚರ ಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರೆ ಮೊದಲೇ ಸಿಗಬೇಕು. ಔಷಧಿ ಹೊಡೆಯುವ ಹೊಲದಿಂದ ಅವರನ್ನು ದೂರವಿಡಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಶುದ್ಧೀಕರಣ ಘಟಕದ ನೀರನ್ನು ಕುಡಿಯಲಷ್ಟೇ ಇಟ್ಟುಕೊಂಡು ಮುದ್ದೆ, ಸಾರಿಗೆ ಕೊಳವೆಬಾವಿಯ ನೀರನ್ನೇ ಸುರಿದರೆ ಅರ್ಧ ಕೆಲಸ ಕೆಟ್ಟಂತೆ. ಪ್ರತಿ ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ, ಬಂದ ಅಂಕಿಯನ್ನು ತೊಂಬೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುವುದು ಗ್ರಾಮ ಪಂಚಾಯತಿಗೆ ಒಂದು ಡಬ್ಬಿ ಬಣ್ಣದ ಖರ್ಚು.